ಬದುವಿನ ಮರವನ್ನು ಹಿಡಿದು ನಿಂತ ಹೊತ್ತು

ಒಂದು ಮರ ಕಡಿಯಲು ಯಂತ್ರಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆಯುವವನು ಮರವನ್ನು ನೋಡುವುದಿಲ್ಲ, ಯಂತ್ರದ ಕೈಯನ್ನು ನೋಡುತ್ತಾನೆ. ಕೈ ಮರದತ್ತ ಹೊರಟಾಗ ಗಡಿಯಾರ ಒತ್ತಬೇಕು. ಬುಡ ಹಿಡಿದಾಗ, ಗರಗಸ ಓಡಿ ನಿಂತಾಗ, ಮರ ಮಲಗಿದಾಗ, ರೆಂಬೆ ತೊಗಟೆ ಸುಲಿದು ತುಂಡು ಮಾಡಿ ಮುಗಿಸಿದಾಗ, ಒಂದೊಂದಕ್ಕೂ ಒಂದೊಂದು ಒತ್ತು. ಕೈ ಮುಂದಿನ ಮರದತ್ತ ತಿರುಗಿತೆಂದರೆ ಒಂದು ಸುತ್ತು ಮುಗಿಯಿತು. ಯಂತ್ರ ಸುಮ್ಮನೆ ನಿಂತ ಹೊತ್ತೆಲ್ಲ ಬೇರೆ ಕಡೆ ಬರೆಯಬೇಕು. ನನ್ನ ಹಾಳೆಯಲ್ಲಿ ದೊಡ್ಡ ಕಾಲಂಗಳು ಎರಡೇ: ಕೆಲಸ, ತಡೆ.

ಆ ಹಂಗಾಮಿನಲ್ಲಿ ನಾನು ದಿನವೂ ಮಾಡುತ್ತಿದ್ದದ್ದು ಇದನ್ನೇ. ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಮನೆಯಿಂದ ಬೆಳಗಾಗುತ್ತಲೇ ಬೈಕಿನಲ್ಲಿ ಹೊರಟು, ಹರಿಹರ ದಾಟಿ, ಹೊಳೆಯಿಂದ ದೂರ ಸರಿದು ಏರುವ ಕೆಂಪು ಮರಡಿ ನೆಲಕ್ಕೆ ಹೋಗುತ್ತಿದ್ದೆ. ಅಲ್ಲೊಂದು ನೀಲಗಿರಿ ತೋಪು. ಶಾಮನೂರಿನ ಒಂದು ರೈತ ಕುಟುಂಬದ್ದು. ಹಿಂದೊಮ್ಮೆ ಕಡಿದು ಬಿಟ್ಟಿದ್ದರಿಂದ ಒಂದೊಂದು ಬೊಡ್ಡೆಯಿಂದ ಮೂರು ನಾಲ್ಕು ಕೂಳೆ ಮರಗಳು ಗುಂಪಾಗಿ ಎದ್ದಿದ್ದವು. ಕಡಿದು ಕಾಗದದ ಮಿಲ್ಲಿಗೆ ಸಾಗಿಸುವ ಗುತ್ತಿಗೆ ಹರಿಹರದ ಒಬ್ಬ ಮರದ ವ್ಯಾಪಾರಿಯದು. ಅವರನ್ನು ಎಲ್ಲರೂ ಯಜಮಾನ್ರು ಎನ್ನುತ್ತಿದ್ದರು. ನಾನು ಅವರ ಮೇಲ್ವಿಚಾರಕ.

ಅದುವರೆಗೆ ಅವರ ಕೆಲಸವೆಲ್ಲ ಕೈಯವರದೇ ಆಗಿತ್ತು. ಗಂಡಸರು ಗರಗಸ ಹಿಡಿದು ಕಡಿದರೆ, ಹೆಂಗಸರು ಮಚ್ಚಿನಿಂದ ತೊಗಟೆ ಸುಲಿಯುತ್ತಿದ್ದರು. ಆ ಸಲ ಮೊದಲ ಬಾರಿಗೆ ಅವರು ಒಂದು ಯಂತ್ರವನ್ನು ಬಾಡಿಗೆಗೆ ತರಿಸಿದ್ದರು. ಮಣ್ಣು ಅಗೆಯುವ ಚೈನ್ ಗಾಡಿಯದೇ ಮೈ. ಬಕೆಟ್ ಇರಬೇಕಾದ ಕಡೆ ಮರ ಕಡಿಯುವ ತಲೆ. ಎರಡು ಬಾಗಿದ ಕೈಗಳು ಬುಡವನ್ನು ಅಪ್ಪಿ ಹಿಡಿಯುತ್ತವೆ, ಅಡಿಯಿಂದ ಗರಗಸ ಹೊರಬಂದು ಕೊಯ್ಯುತ್ತದೆ, ಆಮೇಲೆ ಹಲ್ಲಿನ ಉರುಳೆಗಳು ಮರವನ್ನು ಎಳೆದುಕೊಂಡು ಸುಲಿಯುತ್ತವೆ. ಕೈಯವರ ಮುಖಂಡೆಯಾದ ಐವತ್ತು ದಾಟಿದ ಹೆಂಗಸು, ನಾವೆಲ್ಲ ಅಕ್ಕ ಎನ್ನುತ್ತಿದ್ದವಳು, ಮೊದಲ ದಿನವೇ ಅದಕ್ಕೆ ಏಡಿ ಎಂದು ಹೆಸರಿಟ್ಟಳು. ಅದೇ ನಿಂತಿತು.

ಯಜಮಾನರು ತೋಪಿನ ಬಾಯಲ್ಲಿ ತೆಂಗಿನಕಾಯಿ ಒಡೆದು ನನಗೆ ಹೇಳಿದ್ದು ಇಷ್ಟು: “ಬಾಡಿಗೆ, ಡೀಸೆಲ್ಲು, ಗರಗಸದ ಚೈನು, ಆಪರೇಟರ್ ಸಂಬಳ, ಎಲ್ಲಾ ಸೇರ್ಸಿ ಟನ್ನಿಗೆ ಎಷ್ಟು ಬೀಳ್ತೈತೆ ಅನ್ನೋದು ನನಗೆ ಬೇಕ್ರಿ. ಕೈಯವರಿಗಿಂತ ಒಂದ್ರೂಪಾಯಿ ಕಡಿಮಿ ಬಿದ್ರೂ ಮಷೀನು ಇಲ್ಲೇ ಇರ್ತೈತೆ. ಒಂದ್ರೂಪಾಯಿ ಹೆಚ್ಚಾತು ಅಂದ್ರೆ ಬಂದ ಲಾರಿನೇ ಹತ್ತತೈತೆ.”

ಯಂತ್ರ ಹೋದರೆ ಆಪರೇಟರ್ ಕೂಡ ಹೋಗಬೇಕು. ಆತ ಬಹಳ ವರ್ಷ ಕಲ್ಲು ಕ್ವಾರಿಯಲ್ಲಿ ಚೈನ್ ಗಾಡಿ ನಡೆಸಿದ್ದವನು. ಧೂಳು ಕುಡಿದು ಎದೆ ಹಿಡಿದಿತ್ತು. ಮರ ಕಡಿಯುವ ತಲೆ ನಡೆಸುವುದನ್ನು ಬೇರೆ ಕಡೆ ಹೋಗಿ ಕಲಿತು ಬಂದು, ಯಜಮಾನರನ್ನು ಒಪ್ಪಿಸಿದ್ದೂ ಆತನೇ. ಬಾಯಿ ಜೋರು. “ಈ ತಲೆ ಐತಲ್ಲ ಸರ್, ಇದರಾಗೆ ಕೋಳಿಮೊಟ್ಟಿ ಹಿಡ್ಕಂಡು ನಿಮ್ಮ ಅಂಗೈಯಾಗೆ ಇಡ್ತೀನಿ,” ಎಂದು ಮೊದಲ ದಿನ ಹೇಳಿದ್ದ. ಅಂಥವನು ಒಮ್ಮೆ ಮಾತ್ರ, ಕೆಮ್ಮು ಬಂದು ನಿಂತಮೇಲೆ, ತಗ್ಗಿದ ದನಿಯಲ್ಲಿ ಅಂದಿದ್ದ: “ವಾಪಸ್ ಕ್ವಾರಿಗೆ ಹೋಗೋದು ಅಂದ್ರೆ ನನಗೆ ಆಗಲ್ಲ ಸರ್.”

ಮೊದಲ ವಾರ ಲೆಕ್ಕ ಆತನ ಕಡೆ ಇರಲಿಲ್ಲ. ಯಂತ್ರದ ಬಾಡಿಗೆ ಗಂಟೆಯ ಲೆಕ್ಕದ್ದು, ಕಡಿದರೂ ನಿಂತರೂ ಅಷ್ಟೇ. ಹಾಗಾಗಿ ಗಂಟೆಗೆ ಎಷ್ಟು ಟನ್ ಬಿತ್ತು ಎಂಬುದರ ಮೇಲೆಯೇ ಎಲ್ಲವೂ ನಿಂತಿತ್ತು. ಮಳೆ ಬಿದ್ದ ಇಳಿಜಾರಿನಲ್ಲಿ ಚೈನು ಜಾರುತ್ತಿತ್ತು. ಲಾರಿ ತಡವಾದರೆ ರಾಶಿ ಹಾಕಲು ಜಾಗ ಸಾಲುತ್ತಿರಲಿಲ್ಲ. ಬುಡದ ಮಣ್ಣು ತಾಗಿ ಗರಗಸ ಮೊಂಡಾಗುತ್ತಿತ್ತು. ನಾನು ತಡೆ ಎಂದು ಬರೆಯುತ್ತಿದ್ದೆ, ಆತ ಕ್ಯಾಬಿನ್ನಿನಿಂದ ಇಣುಕಿ ನೋಡುತ್ತಿದ್ದ.

“ಗರಗಸದ ಚೈನ್ ಬದ್ಲಿ ಮಾಡೋದೂ ತಡೆಯೇನ್ರಿ?”

“ತಡೆ.”

“ಟೀ ಕುಡಿಯೋದು?”

“ಅದೂ ತಡೆ.”

“ಟೀ ಕುಡೀದೆ ಯಾವ ಮಷೀನು ಓಡ್ತೈತೆ ಹೇಳ್ರಿ! ಡೀಸೆಲ್ ಹಾಕಿದ್ದು ಕೆಲಸದಾಗೆ ಬರ್ತೈತೆ, ಟೀ ಯಾಕ ಬರಲ್ಲ?”

ಅಕ್ಕ ರಾಶಿಯ ಮೇಲಿಂದ ಕೂಗಿದಳು: “ಏಡಿಗೆ ಟೀ ಕುಡ್ಸೋ ಮಾರಾಯ, ನೀ ಯಾಕ ಕುಡೀತಿ?”

ಕೈಯವರು ತೋಪಿನ ಆ ತುದಿಯಿಂದ ಕಡಿಯುತ್ತ ಬರುತ್ತಿದ್ದರು, ಯಂತ್ರ ಈ ತುದಿಯಿಂದ. ಎರಡೂ ಕಡೆಯ ಲಾರಿಗಳು ತೂಕಕ್ಕೆ ಒಂದೇ ವೇಬ್ರಿಡ್ಜ್ ಹತ್ತುತ್ತಿದ್ದವು. ಸಂಜೆ ಚೀಟಿ ಹೋಲಿಸಿದರೆ ಏಡಿಯ ಟನ್ನು ಕೈಯವರ ಟನ್ನಿಗಿಂತ ತುಟ್ಟಿ. ದಿನದಿನಕ್ಕೆ ಅಂತರ ಕಡಿಮೆಯಾಗುತ್ತಿತ್ತಾದರೂ ಮುಚ್ಚುತ್ತಿರಲಿಲ್ಲ.

ಆಗ ಆಪರೇಟರ್ ಬದುವಿನ ಸಾಲು ಕೇಳಿದ. ತೋಪಿನ ಕೆಳಗಿನ ಬದುವಿನ ಮೇಲಿನ ಮರಗಳನ್ನು ಹಿಂದಿನ ಸಲ ಗಡಿಗೆಂದು ಕಡಿಯದೆ ಬಿಟ್ಟಿದ್ದರು. ಒಂದೊಂದೂ ಒಬ್ಬ ತೋಳು ಚಾಚಿ ಅಪ್ಪುವಷ್ಟು ದಪ್ಪ. ಯಂತ್ರಕ್ಕೆ ದಪ್ಪ ಮರವೇ ಲಾಭ. ಕೈ ಚಾಚುವ, ಹಿಡಿಯುವ, ಕೊಯ್ಯುವ ಹೊತ್ತು ಸಣ್ಣದಕ್ಕೂ ದೊಡ್ಡದಕ್ಕೂ ಹೆಚ್ಚು ಕಡಿಮೆ ಒಂದೇ, ಬೀಳುವ ತೂಕ ಮಾತ್ರ ಹತ್ತಾರು ಪಟ್ಟು. ಯಜಮಾನರು ಒಪ್ಪಿದರು. ಲೆಕ್ಕದ ದೃಷ್ಟಿಯಿಂದ ನನಗೂ ಅದು ಸರಿ ಕಂಡಿತು. ಒಂದು ದಿನ ಕಡಿದೆವು. ಆ ಸಂಜೆ ಮೊದಲ ಬಾರಿಗೆ ಏಡಿಯ ಟನ್ನು ಕೈಯವರ ಟನ್ನಿನ ಸರಿಸಮಕ್ಕೆ ಬಂತು. ಆಪರೇಟರ್ ನನ್ನ ಹಾಳೆ ಕಸಿದುಕೊಂಡು ಅಕ್ಕನಿಗೆ ತೋರಿಸಿ ಬಂದ.

ಮರುದಿನ ಸೀಗೆ ಹುಣ್ಣಿಮೆ. ನಮ್ಮ ಕಡೆ ಅಂದು ಹೊಲ ಇದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಪೈರಿನ ಸುತ್ತ ಚರಗ ಚೆಲ್ಲುತ್ತಾರೆ. ಮಾಡಿದ ಅಡಿಗೆಯನ್ನೆಲ್ಲ ಕಲಸಿ, ಕೂಗುತ್ತ, ಭೂಮಿತಾಯಿಗೆಂದು ಎರಚುತ್ತಾರೆ. ಕೈಯವರಲ್ಲಿ ಬಹಳ ಜನ ರಜೆ ಹಾಕಿದ್ದರು. ಅಕ್ಕ ಮತ್ತು ಇನ್ನು ಕೆಲವು ಹೆಂಗಸರು ಮಾತ್ರ ಬಂದಿದ್ದರು. “ಹಬ್ಬ ಇಲ್ವೇನಕ್ಕಾ?” ಎಂದರೆ, “ಹೊಲಾನೇ ಇಲ್ಲ, ಚರಗ ಎಲ್ಲಿ ಚೆಲ್ಲಾನ್ರಿ? ತಲಿ ಮೇಲೆ ಚೆಲ್ಕಳ್ಳನೇನು?” ಎಂದು ನಕ್ಕಳು.

ಜನ ಕಡಿಮೆ ಇರುವ ದಿನವೇ ಬದುವಿನ ಸಾಲಿಗೆ ಒಳ್ಳೆಯದು ಎಂದು ನಾವು ಯೋಚಿಸಿದ್ದೆವು. ಹೊಲಗಳಿಗೆ ಹೋಗಿಬರುವ ಜನರಿಗಾಗಿ ದಾರಿಯ ಕಡೆ ಕೆಂಪು ಬಾವುಟ ಹಿಡಿಸಿ ಒಬ್ಬನನ್ನು ನಿಲ್ಲಿಸಿದ್ದೆವು. ಬದುವಿನ ಕಡೆ ಯಾರನ್ನೂ ನಿಲ್ಲಿಸಿರಲಿಲ್ಲ. ಬದುವಿನಾಚೆ ಅದೇ ಶಾಮನೂರಿನ ಕುಟುಂಬದ ಮೆಕ್ಕೆಜೋಳ, ಆಳೆತ್ತರ ನಿಂತಿತ್ತು. ಅವರು ಜೋಳಕ್ಕೆ ಚರಗ ಚೆಲ್ಲಲು ಬರುತ್ತಾರೆಂದು ನಮಗೆ ಗೊತ್ತಿತ್ತು. ಚೆಲ್ಲಿ, ಆ ಕಡೆಯ ಬೇವಿನ ಮರದಡಿ ಉಂಡು ಹೋಗುತ್ತಾರೆ ಎಂದುಕೊಂಡಿದ್ದೆವು. ನೀಲಗಿರಿಗೆ ಯಾರು ಚರಗ ಚೆಲ್ಲುತ್ತಾರೆ? ಯಜಮಾನರಾಗಲಿ ನಾನಾಗಲಿ ಆಪರೇಟರ್ ಆಗಲಿ, ಮೂವರೂ ಈ ಸೀಮೆಯಲ್ಲೇ ಹುಟ್ಟಿದವರು, ಅಂಥದ್ದನ್ನು ಕಂಡೇ ಇರಲಿಲ್ಲ.

ಈಗ ಮುಂದಿನದನ್ನು ನಾನು ಕಂಡಷ್ಟೇ ಬರೆಯುತ್ತೇನೆ.

ಆ ಮರ ಸಾಲಿನಲ್ಲೆಲ್ಲ ದಪ್ಪನೆಯದು. ಬೆಳಕಿಗಾಗಿ ಜೋಳದ ಹೊಲದ ಕಡೆ ಸ್ವಲ್ಪ ವಾಲಿತ್ತು. ಏಡಿ ತೋಪಿನ ಒಳಗಿನಿಂದ, ಇಳಿಜಾರಿನ ಮೇಲುಗಡೆಯಿಂದ, ಕೈಯನ್ನು ಪೂರ್ತಿ ಚಾಚಿ ಬುಡ ಹಿಡಿದಿತ್ತು. ಮರವನ್ನು ಬದುವಿನ ಉದ್ದಕ್ಕೆ, ಹಿಂದಿನ ದಿನ ಕಡಿದು ಬಯಲಾದ ಕಡೆ ಬೀಳಿಸಬೇಕು. ನಾನು ಮೇಲುಗಡೆ, ಎರಡು ಮರದುದ್ದದಾಚೆ, ಆಪರೇಟರ್‌ಗೆ ಪಕ್ಕದ ಗಾಜಿನಿಂದ ಕಾಣುವ ಹಾಗೆ ನಿಂತಿದ್ದೆ. ಚಾಚಿದ ಕೈ ಅಡ್ಡ ಬಂದಾಗ ಆತನಿಗೆ ಬದು ಕಾಣುವುದಿಲ್ಲ. ಅದಕ್ಕೇ ನಾನು ಎರಡೂ ತೋಳನ್ನು ತಲೆಯ ಮೇಲೆ ಕತ್ತರಿಯಂತೆ ಹಿಡಿದರೆ ‘ಇದ್ದ ಹಾಗೇ ನಿಲ್ಲು’ ಎಂದು ಮೊದಲ ದಿನವೇ ಮಾತಾಗಿತ್ತು.

ಗರಗಸ ಒಂದು ಕಡೆಯಿಂದ ಕೊಯ್ದಿತು. ತಲೆ ಹೊರಳಿ ಇನ್ನೊಂದು ಕಡೆಯಿಂದ ಕೊಯ್ದಿತು. ಗರಗಸ ನಿಂತದ್ದಕ್ಕೆ ಗಡಿಯಾರ ಒತ್ತಿದೆ. ಗರಗಸದ ಸದ್ದು ಅಡಗಿದ ಆ ಕ್ಷಣದಲ್ಲಿ ಜೋಳದೊಳಗಿಂದ ಹೆಣ್ಣು ದನಿಯಲ್ಲಿ ಚರಗದ ಕೂಗು ಕೇಳಿತು: “ಹುಲ್ಲುಲ್ಲಿಗೋ!”

ಹಿಂದಿನಿಂದ ಇನ್ನೊಂದು ದನಿ: “ಸಲಾಂಬ್ರಿಗೋ!”

ಜೋಳದ ಗರಿ ಸರಿಸಿಕೊಂಡು ಒಬ್ಬ ಅಜ್ಜಿ ಬದು ಹತ್ತಿದರು. ಸೊಂಟದಲ್ಲಿ ಬುಟ್ಟಿ. ಅವರು ನಿಂತದ್ದು ಮರ ಬೀಳಬೇಕಾದ ಗೆರೆಯ ಮೇಲೆಯೇ. ಸೊಸೆ ಇನ್ನೂ ಜೋಳದೊಳಗಿದ್ದಳು, ಬರೀ ತಲೆಯ ಸೆರಗು ಕಾಣುತ್ತಿತ್ತು.

ನಾನು ತೋಳುಗಳನ್ನು ಮೇಲಕ್ಕೆತ್ತಿದೆ.

ಕೊಯ್ದು ಮುಗಿದ ಮರ ಬುಡದ ಮೇಲೆ ನಿಂತಿರಲಿಲ್ಲ, ಏಡಿಯ ಹಿಡಿತದಲ್ಲಿ ನಿಂತಿತ್ತು. ಆಪರೇಟರ್‌ನ ಮುಖ ನನ್ನ ಕಡೆ ತಿರುಗಿತು. ಆತ ತಲೆಯನ್ನು ವಾಲಿಸಲಿಲ್ಲ, ಹಿಡಿದ. ಬಯಲ ಕಡೆ ಬಿಟ್ಟರೆ ಅಜ್ಜಿ. ಜೋಳದ ಕಡೆ ಬಿಟ್ಟರೆ ಸೊಸೆ, ಅವಳ ಹಿಂದೆ ಇನ್ನೆಷ್ಟು ಜನವೋ ತಿಳಿಯದು. ಇನ್ನೊಂದು ಕಡೆ ನಿಂತ ಮರಗಳು, ಅದರಲ್ಲಿ ಸಿಕ್ಕಿದರೆ ಬುಡ ಹಾರಿ ಕ್ಯಾಬಿನ್ನಿಗೇ ಬಡಿಯುತ್ತದೆ. ತುದಿಗೆ ಗಾಳಿ ಹಿಡಿಯಿತು. ಮರ ಒಮ್ಮೆ ಆಚೆ ತೂಗಿತು. ಆಗ ಏಡಿಯ ಹಿಂಭಾಗ, ನನ್ನ ಕಡೆ ಇದ್ದದ್ದು, ಏಳತೊಡಗಿತು. ಚೈನಿನ ಹಿಂತುದಿ ನೆಲ ಬಿಟ್ಟಿತು. ಅದರಡಿಯಿಂದ ಜೋಳದ ಹಸಿರು ಕಂಡಿತು. ಅಷ್ಟು ದೊಡ್ಡ ಯಂತ್ರದ ಕೆಳಗಿನಿಂದ ಬೆಳಕು ಬರುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹಿಡಿತ ಬಿಟ್ಟಿದ್ದರೆ ಯಂತ್ರ ನೆಟ್ಟಗೆ ಕೂರುತ್ತಿತ್ತು. ಒಂದು ಗುಂಡಿಯ ಕೆಲಸ. ಆತ ಬಿಡಲಿಲ್ಲ.

ನಾನು ಕೂಗಿದೆ. ಎಂಜಿನ್ನಿನ ಸದ್ದಿನಲ್ಲಿ ಅಜ್ಜಿಗೆ ನನ್ನ ಮಾತು ಕೇಳಲಿಲ್ಲ, ಮೇಲೆತ್ತಿದ ಕೈ ಮಾತ್ರ ಕಂಡಿತು. ಯಾರೋ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡರೇನೋ, ನನ್ನ ಕಡೆಗೂ ಒಂದು ಹಿಡಿ ಚರಗ ಎರಚಿದರು. ನಾನು ಓಡಲಿಲ್ಲ. ಓಡಿದ್ದರೆ ತೋಳು ಇಳಿಯುತ್ತಿತ್ತು. ತೋಳು ಇಳಿದರೆ, ಬದು ಖಾಲಿಯಾಯಿತು ಎಂದು ಆತ ತಿಳಿಯುತ್ತಿದ್ದ. ಆತನಿಗೆ ಕಾಣುತ್ತಿದ್ದದ್ದು ನಾನೊಬ್ಬನೇ.

ಓಡಿದ್ದು ಅಕ್ಕ. ಬಯಲ ತುದಿಯ ರಾಶಿಯ ಬಳಿ ತೊಗಟೆ ಸುಲಿಯುತ್ತಿದ್ದವಳು ಮಚ್ಚು ಎಸೆದು, ಮರದ ನೆರಳಿನ ಉದ್ದಕ್ಕೂ ಓಡಿಬಂದು, ಅಜ್ಜಿಯನ್ನು ಬುಟ್ಟಿ ಸಮೇತ ತಬ್ಬಿ ಜೋಳದೊಳಕ್ಕೆ ಎಳೆದಳು. ಸೊಸೆಯನ್ನು ತಳ್ಳಿದಳು. ಮೂವರೂ ಜೋಳದೊಳಗೆ ಬಯಲ ತುದಿಯ ಕಡೆಗೆ ಸರಿಯುತ್ತ ಹೋದದ್ದು ಗರಿಗಳು ಅಲುಗುವುದರಿಂದ ನನಗೆ ತಿಳಿಯುತ್ತಿತ್ತು. ಬಹಳ ದೂರ ಹೋಗಿ ಅಕ್ಕ ಕೈ ಎತ್ತಿ ಬೀಸಿದಳು. ನಾನು ಬದುವನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದೆ, ಇನ್ನೊಮ್ಮೆ ನೋಡಿದೆ. ಆಮೇಲೆ ತೋಳು ಇಳಿಸಿದೆ.

ಮರ ಬಯಲ ಕಡೆ ಮಲಗಿತು. ಚೈನು ಧೊಪ್ಪೆಂದು ನೆಲಕ್ಕೆ ಕೂತಿತು. ನೆಲ ಅದುರಿದ್ದು ನನ್ನ ಕಾಲಿಗೆ ಬಂತು.

ಗಡಿಯಾರ ನನ್ನ ಕೊರಳಲ್ಲಿ ಓಡುತ್ತಲೇ ಇತ್ತು.

ಆಪರೇಟರ್ ಎಂಜಿನ್ ಆರಿಸಿ ಇಳಿದು ಬಂದ. ಏನೂ ಆಗದವನ ಹಾಗೆ, “ಮೊಟ್ಟಿ ಹಿಡೀತೀನಿ ಅಂದಿದ್ದೆನಲ್ಲ ಸರ್,” ಎಂದ. ಎಂದು ಅಲ್ಲೇ ಕೂತುಬಿಟ್ಟ. ಅಜ್ಜಿ ನಿಧಾನಕ್ಕೆ ಬಂದರು. ಅವರಿಗೆ ಭಯ ಬಂದದ್ದು ಬಹಳ ಹೊತ್ತಿನ ಮೇಲೆ. ಮೊದಲು ಕೇಳಿದ್ದು, “ಮರ ಹಿಡ್ಕಂಡಿದ್ದ ತಮ್ಮ ಯಾರಪ್ಪ? ಉಂಡು ಹೋಗು ಅನ್ರಿ.” ಸಜ್ಜೆ ರೊಟ್ಟಿಯ ಮೇಲೆ ಪಲ್ಯ ಇಟ್ಟು ಕೊಟ್ಟರು. ಆತ ರೊಟ್ಟಿಯನ್ನು ಮುರಿಯದೆ ಹಿಡಿದೇ ಕೂತಿದ್ದ. ಅಕ್ಕ ಅದನ್ನು ತೆಗೆದುಕೊಂಡು ಚೂರು ಮಾಡಿ ಮತ್ತೆ ಅವನ ಕೈಗೆ ಹಾಕಿದಳು, ತಮಾಷೆ ಮಾಡಲಿಲ್ಲ.

ನಾನು ಕೇಳಿದೆ: “ನೀಲಗಿರಿಗೂ ಚರಗ ಚೆಲ್ತಾರೇನಜ್ಜಿ?”

“ಚರಗ ಭೂಮಿಗಪ್ಪಾ. ನಾ ಮದುವಿಯಾಗಿ ಬಂದಾಗ ಇದರಾಗೂ ಜೋಳ ಇತ್ತು. ಮೇಲೆ ಏನು ಬೆಳದೈತೆ ಅಂತ ಭೂಮಿ ನೋಡ್ತೈತೇನು?”

ಮಧ್ಯಾಹ್ನ ಯಜಮಾನರು ಬಂದರು. ಎಲ್ಲ ಕೇಳಿ, ಅಜ್ಜಿ ಕೂತಿದ್ದ ಕಡೆ ಹೋಗಿ ಕೈ ಮುಗಿದು ಬಂದರು. ಆದರೆ ಎರಡು ಲಾರಿ ಕಾಯುತ್ತಿದ್ದವು. “ಆಗಿದ್ದಾತು. ಇನ್ನೂ ಒಬ್ಬನ್ನ ಬದುವಿಗೆ ನಿಲ್ಸಿ, ಉಳಿದ ಸಾಲು ಮುಗಿಸಿಬಿಡ್ರಿ. ಲೆಕ್ಕ ಈಗ ಸರಿ ಬರಾಕತ್ತೈತೆ.”

ಅಲ್ಲಿ ನಾನು ಇಲ್ಲ ಎಂದೆ. ಬದುವಿನ ಮೇಲೆ ಏಡಿ ಬೇಡ. ಅಷ್ಟು ದಪ್ಪ ಮರ, ಪೂರ್ತಿ ಚಾಚಿದ ಕೈ, ಕಾಣದ ಬದು, ಇಳಿಜಾರು, ಇವು ನಾಲ್ಕೂ ಒಟ್ಟಿಗೆ ಬರುವ ಕಡೆ ಯಂತ್ರ ನಿಲ್ಲಿಸುವುದಿಲ್ಲ. ಬದುವಿನ ಸಾಲನ್ನು ಕೈಯವರು ಕಡಿಯಲಿ, ಹಗ್ಗ ಕಟ್ಟಿ ಎಳೆದು, ಎರಡೂ ಕಡೆ ಜನ ನಿಲ್ಲಿಸಿ. ಯಜಮಾನರು ನನ್ನ ಮುಖ ನೋಡಿದರು. ಅವರಿಗಿಂತ ಮೊದಲು ಸಿಡಿದದ್ದು ಆಪರೇಟರ್.

“ದಪ್ಪ ಮರ ಕಿತ್ಕಂಡು ನನಗೆ ಕಡ್ಡಿ ಕೊಡ್ತೀರೇನ್ರಿ? ಟನ್ ಎಲ್ಲಿಂದ ತರ್ಲಿ ನಾನು? ಹಿಡಿದಿದ್ದಕ್ಕೆ ಇದೇನ್ರಿ ಇನಾಮು?”

ಆತ ಹೇಳಿದ್ದು ಲೆಕ್ಕದ ಪ್ರಕಾರ ಸರಿಯಾಗಿಯೇ ಇತ್ತು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಅಂದು ಏಡಿಯ ಎಂಜಿನ್ ಮತ್ತೆ ಹಾಕಲಿಲ್ಲ. ನಿಂತ ಹೊತ್ತನ್ನೆಲ್ಲ ತಡೆ ಎಂದು ಬರೆದೆ. ಯಜಮಾನರು ಹೋಗುವಾಗ, “ನಿಮ್ಮ ಮಾತೇ ಆಗ್ಲಿ. ಆದ್ರೆ ಲೆಕ್ಕ ನಂದೇ,” ಎಂದರು. ಅಂದರೆ ಟನ್ನಿನ ಮಾತು ಬದಲಾಗಿರಲಿಲ್ಲ.

ಮನೆಗೆ ಬಂದು ಹಾಳೆಗಳನ್ನೆಲ್ಲ ಹರಡಿಕೊಂಡು ಕೂತೆ. ದಪ್ಪ ಮರ ಹೋಯಿತು, ಉಳಿದದ್ದರಲ್ಲಿ ಏನಿದೆ? ಕಣ್ಣಿಗೆ ಬಿದ್ದದ್ದು ಕೂಳೆಯ ಗುಂಪುಗಳು. ಒಂದು ಬೊಡ್ಡೆಯ ನಾಲ್ಕು ಮರಗಳಲ್ಲಿ ಒಂದೆರಡು ತೋಳಿಗಿಂತ ಸಣ್ಣ. ಆ ಸಣ್ಣದಕ್ಕೆ ಏಡಿ ತೆಗೆದುಕೊಂಡ ಹೊತ್ತು ಪಕ್ಕದ ಒಳ್ಳೆಯ ಮರಕ್ಕೆ ತೆಗೆದುಕೊಂಡಷ್ಟೇ. ಕೆಲವು ಸಲ ಹೆಚ್ಚೇ, ಏಕೆಂದರೆ ಸಣ್ಣದು ಅಡ್ಡ ಬಂದು ದೊಡ್ಡದನ್ನು ಸರಿಯಾಗಿ ಹಿಡಿಯಲು ಬಿಡುತ್ತಿರಲಿಲ್ಲ. ದಪ್ಪ ಮರದಿಂದ ಬಂದ ಲಾಭವನ್ನು ಸಣ್ಣದು ತಿಂದುಹಾಕುತ್ತಿತ್ತು. ಇದೆಲ್ಲ ಮೊದಲೂ ಹಾಳೆಯಲ್ಲಿತ್ತು. ದಪ್ಪ ಮರದ ಆಸೆಯಲ್ಲಿ ಯಾರೂ ಸಣ್ಣದನ್ನು ನೋಡಿರಲಿಲ್ಲ.

ಬೆಳಿಗ್ಗೆ ಅಕ್ಕನನ್ನು ಕೇಳಿದೆ. ಏಡಿಗಿಂತ ಒಂದು ದಿನ ಮುಂದೆ ಕೈಯವರು ನಡೆದು, ತೋಳಿಗಿಂತ ಸಣ್ಣದನ್ನೆಲ್ಲ ಕಡಿದು ಹೊರಗೆ ಹಾಕಿದರೆ?

“ಹಾಕಬೌದು. ಆದ್ರೆ ಅದನ್ನ ಮಿಲ್ಲಿಗೆ ಯಾಕ ಕಳಿಸ್ತೀರಿ?” ಎಂದಳು. “ಶಾಮನೂರ ಕಡೆ ಹೊಸ ಲೇಔಟ್ನಾಗೆ ಸೆಂಟ್ರಿಂಗ್‌ನೋರು ಕಂಬ ಕಂಬ ಅಂತ ಬಾಯಿ ಬಡ್ಕಣಾಕತ್ತಾರೆ. ನೆಟ್ಟಗಿದ್ದವನ್ನ ಸುಲಿದು ಕಟ್ಟು ಕಟ್ಟಿ ಕೊಡ್ತೀವಿ.”

ಯಜಮಾನರಿಗೆ ಫೋನ್ ಮಾಡಿದೆ. ಕಂಬದ ದರ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೂಂ ಎಂದರು. ಎರಡು ತುದಿಯಿಂದ ಪೈಪೋಟಿಯಲ್ಲಿ ಕಡಿಯುವುದು ಅಂದಿಗೆ ಮುಗಿಯಿತು. ಕೈಯವರು ಮುಂದೆ, ಏಡಿ ಹಿಂದೆ, ನಡುವೆ ಯಾವಾಗಲೂ ಒಂದು ಇಡೀ ಪಟ್ಟಿ ಖಾಲಿ. ಮನುಷ್ಯರ ಮತ್ತು ಯಂತ್ರದ ನಡುವಿನ ಆ ಅಂತರ ಕಾಯುವುದು ನನ್ನ ಜವಾಬ್ದಾರಿಯಾಯಿತು.

ಆಪರೇಟರ್ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅಕ್ಕ ಅವನನ್ನು ಕೆಣಕುವುದು ಬಿಡಲಿಲ್ಲ. “ದಪ್ಪಂದು ನಮಗೆ, ಸಣ್ಣದೂ ನಮಗೆ. ನಡುವಿಂದು ಏಡಿಗೆ. ಪಾಪ, ಎಳೇ ಕೂಸು, ಮೆತ್ತಗಿದ್ದದ್ದು ತಿನ್ಲಿ.” ಆದರೆ ಮೂರನೆಯ ದಿನದ ಹೊತ್ತಿಗೆ ಬದಲಾವಣೆ ನನ್ನ ಬೆರಳಿಗೇ ತಿಳಿಯತೊಡಗಿತು. ಗಡಿಯಾರ ಒತ್ತುವ ಲಯ ಸಮವಾಯಿತು. ಕೈ ಚಾಚಿತು, ಹಿಡಿಯಿತು, ಕೊಯ್ಯಿತು, ಮಲಗಿಸಿತು. ತಡಕಾಟ ಇಲ್ಲ, ಎರಡನೆಯ ಸಲ ಹಿಡಿಯುವುದು ಇಲ್ಲ. ಗರಗಸದ ಚೈನು ಮೊದಲಿಗಿಂತ ಹೆಚ್ಚು ಬಾಳಿತು. ಆತ ಒಳ್ಳೆಯ ಆಪರೇಟರ್ ಎಂದು ಹುಣ್ಣಿಮೆಯ ದಿನ ಕಂಡಿದ್ದೆ. ಎಷ್ಟು ಒಳ್ಳೆಯವನು ಎಂಬುದು ಈ ಸಮವಾದ ದಿನಗಳಲ್ಲಿ ತಿಳಿಯಿತು. ಒಂದರ ಪಕ್ಕ ಒಂದು ಸಾಲಾಗಿ ಮಲಗಿದ ಬಿಳಿ ತುಂಡುಗಳನ್ನು ನೋಡಿ ಲಾರಿಯವರು ಲೋಡು ಮಾಡುವುದು ಬಿಟ್ಟು ನಿಂತು ನೋಡುತ್ತಿದ್ದರು.

ಬದುವಿನ ಸಾಲನ್ನು ಕೈಯವರು ಹಗ್ಗ ಕಟ್ಟಿ ಉರುಳಿಸಿದರು. ಮೊದಲ ಮರಕ್ಕೆ ಮುಂಚೆ ಅಕ್ಕ ಬದುವಿನ ಉದ್ದಕ್ಕೂ ನಡೆದು, ಜೋಳದೊಳಗೆ ಇಣುಕಿ ನೋಡಿ ಬಂದಳು. ಪ್ರತಿ ಮರಕ್ಕೂ ಹಾಗೆಯೇ ಮಾಡಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ತೋಪು ಮುಗಿದ ಮೇಲೆ ಹರಿಹರದ ಸ್ಟೇಷನ್ ಹತ್ತಿರದ ಯಜಮಾನರ ಡಿಪೋದಲ್ಲಿ ಲೆಕ್ಕ ಒಪ್ಪಿಸಿದೆ. ಆಪರೇಟರ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಯಜಮಾನರು ಕನ್ನಡಕ ಹಾಕಿಕೊಂಡು ಹಾಳೆಗಳನ್ನು ಒಂದೊಂದಾಗಿ ನೋಡಿದರು. ಏಡಿಯ ಟನ್ನು ಕೈಯವರ ಟನ್ನಿಗಿಂತ ಕಡಿಮೆಗೆ ಬಿದ್ದಿತ್ತು. ಬಹಳ ಅಲ್ಲ. ಆದರೆ ಬಿದ್ದಿತ್ತು. ಕಂಬದ ಲಾಭವನ್ನು ನಾನು ಅದರಲ್ಲಿ ಸೇರಿಸಿರಲಿಲ್ಲ, ಅದು ಕೈಯವರ ದುಡಿಮೆ ಎಂದು ಬೇರೆಯೇ ತೋರಿಸಿದ್ದೆ. ಎರಡನ್ನೂ ಉಳಿಸಿಕೊಳ್ಳುವುದೇ ಲಾಭ ಎಂಬುದು ಅವರಿಗೆ ಹೇಳದೆಯೇ ತಿಳಿಯಿತು.

ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು.

“ಇದೊಂದು ಮರ ಯಾಕ್ರಿ ಇಷ್ಟು ಹೊತ್ತು ತಿಂದೈತೆ?” ಎಂದರು. ಆಮೇಲೆ ತಾರೀಕು ನೋಡಿ ದನಿ ತಗ್ಗಿಸಿದರು. “ಓ, ಅದಾ. ಇದನ್ನ ತಡೆಗೆ ಹಾಕ್ರಿ. ಇಲ್ಲಾಂದ್ರೆ ತೆಗೆದೇಬಿಡ್ರಿ. ಸರಾಸರಿ ಕೆಡಿಸ್ತೈತೆ.”

“ಅದನ್ನ ಸೇರ್ಸಿಯೇ ಲೆಕ್ಕ ಕಡಿಮೆ ಬಂದೈತೆ, ಯಜಮಾನ್ರೆ. ತೆಗೆಯಲ್ಲ.”

ಅವರು ಹಾಳೆಗಳನ್ನು ಮಡಿಸಿ, “ಮುಂದಿನ ತೋಪು ಯಾವುದು ನೋಡಾನ,” ಎಂದರು. ಏಡಿ ಉಳಿಯಿತು ಎಂಬುದನ್ನು ಅವರು ಹೇಳಿದ್ದು ಹಾಗೆ.

ಹೊರಗೆ ಬಂದಾಗ ಆಪರೇಟರ್ ಹಿಂದೆಯೇ ಬಂದ. “ಆ ಮರನ ಯಾವ ಕಡೆ ಬರ್ದೀರಿ ಸರ್?”

ಹಾಳೆ ತೆಗೆದು ತೋರಿಸಿದೆ. ಬುಡ ಹಿಡಿದದ್ದರಿಂದ ಮರ ಮಲಗಿದ್ದರವರೆಗೆ, ತೋಳು ಎತ್ತಿ ನಿಂತ ಹೊತ್ತೂ ಸೇರಿ, ಎಲ್ಲವೂ ಒಂದೇ ಕಾಲಂನಲ್ಲಿತ್ತು: ಕೆಲಸ. ಆತ ಬಹಳ ಹೊತ್ತು ನೋಡಿದ. ಎರಡು ಸಲ ಕೆಮ್ಮಿದ. ಈಗಲೂ ಸೀಗೆ ಹುಣ್ಣಿಮೆಯ ದಿನ ಯಾವುದೋ ಹೊಲದಿಂದ ಆ ಕೂಗು ಕೇಳಿದರೆ ನನ್ನ ತೋಳು ತಾನಾಗಿ ಬಿಗಿಯುತ್ತದೆ, ಯಂತ್ರದ ಕೆಳಗಿನ ಆ ಬೆಳಕು ಕಾಣುತ್ತದೆ. ಅದರ ಜೊತೆಗೇ ಹಾಳೆ ನೋಡುತ್ತ ನಿಂತ ಆತನ ಆ ಮುಖವೂ ಕಾಣುತ್ತದೆ.

“ಹಂಗಾದ್ರೆ ನಾಳಿಂದ ಟೀನೂ ಈ ಕಡೆಗೇ ಬರೀರಿ,” ಎಂದು ಆತ ಹಾಳೆ ಮರಳಿ ಕೊಟ್ಟ.

“ಟೀ ತಡೆ,” ಎಂದೆ.